ಆಟದ ಕೋಲಿಗೆ ಅರ್ಧ ಲಕ್ಷವೇ?

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದಿದ್ದರು. ಈಗ ಅವರೂ ಅಧ್ಯಾಪಕರೇ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಾರೆ. ಜೊತೆಯಲ್ಲಿ ಆಗಷ್ಟೇ ಪಿಯುಸಿ ಪರೀಕ್ಷೆ ಬರೆದಿದ್ದ ಮಗ. ಕಾಫಿ ಮುಗಿಯುವುದರೊಳಗೆ ಬಂದ ಕಾರಣ ತಿಳಿಯಿತು. “ಸರ್, ಇವನು ಕಂಪ್ಯೂಟರ್ ಆಟದ ಕೋಲೊಂದಕ್ಕೆ ಐವತ್ತು ಸಾವಿರ ಕೇಳ್ತಾನೆ. ನೀವಾದರೂ ಬುದ್ಧಿ ಹೇಳಿ” ಎಂದರು. ಹುಡುಗ ತಲೆ ತಗ್ಗಿಸಿಕೊಂಡೇ ಹೇಳಿದ: “ಅದು ಆಟದ ಸಾಮಾನಲ್ಲ ಸರ್. ಯುದ್ಧವಿಮಾನದ ಕೋಲಿನ ಪಡಿಯಚ್ಚು. ಹದಿನಾರು ಬಿಟ್‌ನದು. ಅರವತ್ತೈದು ಸಾವಿರ ಹಂತ ಇರುತ್ತೆ.”

ಹುಡುಗನಿಗೆ ವಿಮಾನ ಚಾಲಕನಾಗುವ ಆಸೆ. ತಂದೆಗೆ ಮನೆ ಸಾಲದ ಕಂತು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಬುದ್ಧಿ ಹೇಳುವುದು ಸುಲಭ. ಆದರೆ ಹುಡುಗ ಒಂದು ಸಂಖ್ಯೆಯನ್ನು ಮುಂದಿಟ್ಟಿದ್ದ. ಭೌತವಿಜ್ಞಾನದ ಮೇಷ್ಟ್ರ ಮುಂದೆ ಸಂಖ್ಯೆಯನ್ನಿಟ್ಟರೆ ಅದನ್ನು ಅಳೆದು ನೋಡದೆ ಉತ್ತರ ಹೇಳುವಂತಿಲ್ಲ. “ಒಂದು ವಾರ ಬಿಟ್ಟು ಬನ್ನಿ. ನಿನ್ನ ಈಗಿನ ಕೋಲನ್ನೂ ತೆಗೆದುಕೊಂಡು ಬಾರಪ್ಪ” ಎಂದು ಕಳುಹಿಸಿದೆ. ಆ ವಾರದಲ್ಲಿ ನಾನು ಓದಿಕೊಂಡ, ಲೆಕ್ಕ ಹಾಕಿದ ವಿಷಯಗಳನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಇದೇ ಪ್ರಶ್ನೆ ನಿಮ್ಮ ಶಾಲೆಯ ಯಾವುದಾದರೂ ಮಗುವಿನ ಮನೆಯಲ್ಲೂ ಎದ್ದಿರಬಹುದು.

ಆರ್ಗನ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ

ಈ ಕತೆ ಕಂಪ್ಯೂಟರಿನಿಂದ ಶುರುವಾಗುವುದಿಲ್ಲ, ಸಂಗೀತ ವಾದ್ಯದಿಂದ ಶುರುವಾಗುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಎಂಬ ಊರಿನಲ್ಲಿ ಲಿಂಕ್ ಮನೆತನದವರಿಗೆ ಪಿಯಾನೊ ಮತ್ತು ಪೈಪ್ ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಪೈಪ್ ಆರ್ಗನ್ ಎಂದರೆ ನಮ್ಮ ಹಾರ್ಮೋನಿಯಂನ ದೊಡ್ಡಣ್ಣ ಎನ್ನಬಹುದು. ತಿದಿ, ಕವಾಟ, ಕೊಳವೆ, ಗಾಳಿಯ ಒತ್ತಡ ಇವೇ ಅದರ ಜೀವಾಳ. ಆ ಮನೆಯ ಮಗ ಎಡ್ವಿನ್ ಲಿಂಕ್ 1904ರಲ್ಲಿ ಹುಟ್ಟಿದವನು. 1920ರಲ್ಲಿ, ಹದಿನಾರರ ಹರೆಯದಲ್ಲಿ, 50 ಡಾಲರ್ ತೆತ್ತು ಮೊದಲ ಹಾರಾಟದ ಪಾಠಕ್ಕೆ ಹೋದ. ಶಿಕ್ಷಕ ವಿಮಾನವನ್ನು ಲಾಗ ಹಾಕಿಸಿದ, ಗಿರಗಿರನೆ ತಿರುಗಿಸಿದ, ಮನೆಗಳ ಮೇಲೆ ತಗ್ಗಿನಲ್ಲಿ ಹಾರಿಸಿದ. ಆದರೆ ಹುಡುಗನಿಗೆ ಕೋಲನ್ನು ಒಂದು ಬಾರಿಯೂ ಮುಟ್ಟಲು ಕೊಡಲಿಲ್ಲ. ಹಾರುವುದನ್ನು ಕಲಿಸುವ ಕ್ರಮ ಇದಲ್ಲ ಎಂದು ಲಿಂಕ್‌ಗೆ ಅನ್ನಿಸಿದ್ದು ಅಂದೇ.

1927ರಿಂದ 1929ರವರೆಗೆ ಅವನು ಕಾರ್ಖಾನೆಯ ನೆಲಮಾಳಿಗೆಯಲ್ಲಿ ಒಂದು ಯಂತ್ರ ಕಟ್ಟಿದ. ಚಿಕ್ಕ ರೆಕ್ಕೆಗಳಿದ್ದ ಮರದ ಪುಟ್ಟ ವಿಮಾನ. ಅದರ ಹೊಟ್ಟೆಯ ಕೆಳಗೆ ಎಲ್ಲ ದಿಕ್ಕಿಗೂ ಬಾಗುವ ಕೀಲು. ಸುತ್ತ ಆರ್ಗನ್‌ನ ತಿದಿಗಳು. ಒಳಗೆ ಕುಳಿತವನು ಕೋಲನ್ನು ಬಲಕ್ಕೆ ಬಾಗಿಸಿದರೆ ಕವಾಟ ತೆರೆದು ಒಂದು ಬದಿಯ ತಿದಿಯಿಂದ ಗಾಳಿ ಹೀರಲ್ಪಡುತ್ತದೆ, ಎದುರು ಬದಿಯ ತಿದಿ ಹಿಗ್ಗುತ್ತದೆ, ವಿಮಾನ ಬಲಕ್ಕೆ ವಾಲುತ್ತದೆ. ಇಷ್ಟೇ ತತ್ತ್ವ. 1931ರಲ್ಲಿ ದೊರೆತ ಪೇಟೆಂಟಿನ ಶೀರ್ಷಿಕೆಯನ್ನು ನೀವು ಗಮನಿಸಬೇಕು: ಅದು ವಿಮಾನ ವಿದ್ಯಾರ್ಥಿಗಳ ತರಬೇತಿ ಸಾಧನ ಹಾಗೂ ಮನರಂಜನಾ ಉಪಕರಣ, ಎರಡೂ ಸೇರಿದ್ದು! ಅಂದರೆ ‘ಇದು ಆಟದ ಸಾಮಾನೋ ಕಲಿಕೆಯ ಸಾಮಾನೋ’ ಎಂಬ ನಮ್ಮ ತಂದೆ–ಮಗನ ಜಗಳ ಯಂತ್ರದ ಹುಟ್ಟಿನಲ್ಲೇ ಇತ್ತು. ಮೊದಮೊದಲು ಕೊಂಡವರು ಕೂಡ ಹಾರಾಟದ ಶಾಲೆಗಳವರಲ್ಲ, ಹೆಚ್ಚಾಗಿ ಮನರಂಜನಾ ಉದ್ಯಾನಗಳವರು. ನಾಣ್ಯ ಹಾಕಿ ಕುಳಿತು ಆಡುವ ಯಂತ್ರವಾಗಿ ಅದು ಕೆಲವು ವರ್ಷ ಕಳೆಯಿತು.

ಅದರ ಬೆಲೆ ಜಗತ್ತಿಗೆ ತಿಳಿದದ್ದು ಸಾವುಗಳ ಮೂಲಕ. 1934ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಖಾಸಗಿ ಕಂಪನಿಗಳ ವಿಮಾನ ಅಂಚೆಯ ಗುತ್ತಿಗೆಯನ್ನು ರದ್ದುಮಾಡಿ ಆ ಕೆಲಸವನ್ನು ಸೇನೆಯ ವಾಯುದಳಕ್ಕೆ ಒಪ್ಪಿಸಿದರು. ಸೇನೆಯ ವೈಮಾನಿಕರಿಗೆ ಹಗಲಿನ ತಿಳಿ ಆಕಾಶದಲ್ಲಿ ಹಾರುವುದು ಗೊತ್ತಿತ್ತು. ಇರುಳಿನಲ್ಲಿ, ಹಿಮ ಸುರಿಯುವಾಗ, ಉಪಕರಣಗಳ ಮುಳ್ಳನ್ನಷ್ಟೇ ನಂಬಿ ಹಾರುವುದು ಬಹುತೇಕರಿಗೆ ಗೊತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಸುಮಾರು ಒಂದು ಡಜನ್ ಯುವಕರು ಸತ್ತರು. ಆಗ ಸೇನಾಧಿಕಾರಿಗಳಿಗೆ ಲಿಂಕ್ ನೆನಪಾದ. ಅವನು ಮಂಜು ಕವಿದ ದಿನವೇ ಉಪಕರಣಗಳನ್ನು ನಂಬಿ ಹಾರಿಕೊಂಡು ನ್ಯೂವಾರ್ಕ್‌ಗೆ ಬಂದಿಳಿದ. ತನ್ನ ಸರಕಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಇನ್ನಾವುದಿದ್ದೀತು! ಸೇನೆ ತಲಾ 3,500 ಡಾಲರ್‌ನಂತೆ ಆರು ಯಂತ್ರಗಳನ್ನು ಕೊಂಡಿತು. ಆಗಿನ ಒಂದು ಫೋರ್ಡ್ ಕಾರಿನ ಐದಾರು ಪಟ್ಟು ಬೆಲೆ ಅದು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಇಂಥ ಸುಮಾರು 10,000 ಯಂತ್ರಗಳು ತಯಾರಾಗಿದ್ದವು. 5 ಲಕ್ಷಕ್ಕೂ ಹೆಚ್ಚು ಮಂದಿ ಅವುಗಳಲ್ಲಿ ತರಬೇತಿ ಪಡೆದಿದ್ದರು.

ಆ ಯಂತ್ರದಲ್ಲಿ ಹೊರಗಿನ ದೃಶ್ಯವೇ ಇರಲಿಲ್ಲ. ತಲೆಯ ಮೇಲೆ ಮುಚ್ಚಳ ಹಾಕಿದರೆ ಒಳಗೆ ಕತ್ತಲೆ, ಎದುರಿಗೆ ನಾಲ್ಕಾರು ಮುಳ್ಳುಗಳು. ಅದು ವಿಮಾನದಂತೆ ಕಾಣುತ್ತಲೂ ಇರಲಿಲ್ಲ, ನಿಜವಿಮಾನದಂತೆ ಅಲುಗುತ್ತಲೂ ಇರಲಿಲ್ಲ. ಆದರೂ ಜೀವ ಉಳಿಸಿತು. ಏಕೆಂದರೆ ಕಲಿಯಬೇಕಾಗಿದ್ದುದು ಒಂದೇ: ನಿನ್ನ ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದನ್ನು ನಂಬಬೇಡ, ಮುಳ್ಳನ್ನು ನಂಬು. ಆ ಒಂದನ್ನು ಯಂತ್ರ ಸರಿಯಾಗಿ ಕಲಿಸುತ್ತಿತ್ತು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕೋಲಿನ ಸ್ಥಾನವನ್ನು ಕಾಲವಾಗಿ ಅಳೆಯುವುದು

ವಿಮಾನದ ಕೋಲು ಮನೆಯ ಮೇಜಿಗೆ ಬಂದುದು 1970ರ ದಶಕದ ಕೊನೆಯಲ್ಲಿ. 1977ರಲ್ಲಿ ಬಂದ ಅಟಾರಿ ಆಟದ ಪೆಟ್ಟಿಗೆಯ ಜಾಯ್‌ಸ್ಟಿಕ್ ಎಂದರೆ ನಾಲ್ಕು ದಿಕ್ಕಿಗೆ ನಾಲ್ಕು ಸ್ವಿಚ್ಚು, ಒಂದು ಗುಂಡಿ. ಎಡ ಅಥವಾ ಬಲ. ನಡುವೆ ಏನೂ ಇಲ್ಲ. ವಿಮಾನ ಹಾರಿಸಲು ಇದು ಸಾಲದು, ‘ಸ್ವಲ್ಪ ಎಡಕ್ಕೆ’ ಎಂದು ಹೇಳುವ ಉಪಾಯ ಬೇಕು.

ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1975ರಲ್ಲಿ ಹಾರಾಟದ ದೃಶ್ಯವನ್ನು ಕಂಪ್ಯೂಟರ್ ತೆರೆಯ ಮೇಲೆ ಮೂಡಿಸುವ ಕುರಿತು ಪ್ರಬಂಧ ಬರೆದ ಬ್ರೂಸ್ ಆರ್ಟ್‌ವಿಕ್, ಕೆಲವೇ ವರ್ಷಗಳಲ್ಲಿ ಆ್ಯಪಲ್–2 ಗಣಕಕ್ಕೆ ಫ್ಲೈಟ್ ಸಿಮ್ಯುಲೇಟರ್ ಬರೆದರು. 1982ರಲ್ಲಿ ಮೈಕ್ರೊಸಾಫ್ಟ್ ಅದರ ಇನ್ನೊಂದು ರೂಪವನ್ನು ಐಬಿಎಂ ಪಿಸಿಗಾಗಿ ಮಾರಿತು. ಆ ಐಬಿಎಂ ಪಿಸಿಗೆ 1981ರಲ್ಲೇ ಕೋಲು ಜೋಡಿಸುವ ಒಂದು ಬಿಲ್ಲೆ ದೊರೆಯುತ್ತಿತ್ತು. ಅದರ ಕೆಲಸ ನೋಡಿದರೆ ನಿಮಗೆ ಸಂತೋಷವಾಗುತ್ತದೆ, ಏಕೆಂದರೆ ನಾವು ಪಿಯುಸಿಯಲ್ಲಿ ಪಾಠ ಮಾಡುವ ಪ್ರಯೋಗವೇ ಅದು.

ಕೋಲಿನ ಬುಡದಲ್ಲಿ ಎರಡು ಪೊಟೆನ್ಷಿಯೋಮೀಟರುಗಳು. ನಮ್ಮ ಹಳೆಯ ರೇಡಿಯೋದ ಧ್ವನಿ ತಿರುಪಿನೊಳಗೆ ಇರುತ್ತಿದ್ದಂಥವೇ. ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆ ಜಾರುತ್ತದೆ. ಕೋಲು ಬಾಗಿದಂತೆ ರೋಧ ಸೊನ್ನೆಯಿಂದ 1 ಲಕ್ಷ ಓಮ್‌ವರೆಗೆ ಬದಲಾಗುತ್ತದೆ. ಈ ರೋಧದ ಮೂಲಕ 0.01 ಮೈಕ್ರೊಫ್ಯಾರಡ್‌ನ ಧಾರಕವನ್ನು ತುಂಬಿಸುತ್ತಾರೆ. ತುಂಬಲು ಹಿಡಿದ ಕಾಲವನ್ನು ಕಂಪ್ಯೂಟರ್ ಎಣಿಸುತ್ತದೆ. ಐಬಿಎಂ ಕೊಟ್ಟ ಸೂತ್ರ ಸರಳ: 24.2 ಮೈಕ್ರೊಸೆಕೆಂಡಿಗೆ, ಪ್ರತಿ ಓಮ್‌ಗೆ 0.011 ಮೈಕ್ರೊಸೆಕೆಂಡಿನಂತೆ ಕೂಡಿಸಿ. ಕೋಲು ಪೂರ್ತಿ ಬಾಗಿದಾಗ ಸುಮಾರು 1.1 ಮಿಲಿಸೆಕೆಂಡ್. ಆ 24.2 ಎಲ್ಲಿಂದ ಬಂತು ಎನ್ನುವಿರಾ? ಮಾರ್ಗದಲ್ಲಿ ಸರಣಿಯಾಗಿ ಇಟ್ಟ 2,200 ಓಮ್‌ನ ರೋಧದಿಂದ. ರೋಧ, ಧಾರಕತ್ವ ಎರಡನ್ನೂ ಗುಣಿಸಿ 1.1ರಿಂದ ಗುಣಿಸಿದರೆ ಎರಡು ಸಂಖ್ಯೆಗಳೂ ಬರುತ್ತವೆ. ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಿ ನೋಡಿ.

ಅಗ್ಗ, ಸರಳ, ಚೆಲುವಾದ ಉಪಾಯ. ಆದರೆ ಜಾರುವುದು ಸವೆಯುತ್ತದೆ. ವಿಮಾನ ಹಾರಿಸುವವನ ಕೋಲು ಬಹುಪಾಲು ಹೊತ್ತು ಮಧ್ಯದ ಸ್ಥಾನದ ಆಸುಪಾಸಿನಲ್ಲೇ ಇರುತ್ತದಾದ್ದರಿಂದ ಇಂಗಾಲದ ಪಟ್ಟಿ ಅಲ್ಲೇ ಹೆಚ್ಚು ಸವೆಯುತ್ತದೆ. ರೋಧ ತಟ್ಟನೆ ಏರಿಳಿಯುತ್ತದೆ. ಕೈ ಬಿಟ್ಟರೂ ವಿಮಾನ ತಾನಾಗಿ ಒಂದು ಕಡೆಗೆ ವಾಲುತ್ತದೆ. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್‌ನ ಪುಟ್ಟ ಕೋಲುಗಳಲ್ಲೂ ಇಂಥದೇ ತೊಂದರೆ ದೊಡ್ಡ ದೂರಾಗಿ, 2020ರಲ್ಲಿ ಕಂಪನಿಯ ಅಧ್ಯಕ್ಷರು ಕ್ಷಮೆ ಕೇಳುವವರೆಗೆ ಹೋಯಿತು.

ಸವೆಯದ ಕೋಲಿನ ಗುಟ್ಟು 1879ರಷ್ಟು ಹಳೆಯದು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ರೋಲೆಂಡ್ ಅವರ ಶಿಷ್ಯ ಎಡ್ವಿನ್ ಹಾಲ್, ತೆಳುವಾದ ಚಿನ್ನದ ರೇಕಿನಲ್ಲಿ ವಿದ್ಯುತ್ ಹರಿಸಿ ಅದನ್ನು ಕಾಂತಕ್ಷೇತ್ರದಲ್ಲಿಟ್ಟ. ಪ್ರವಾಹಕ್ಕೆ ಅಡ್ಡಲಾಗಿ ಸೂಕ್ಷ್ಮ ವಿಭವಾಂತರ ಕಾಣಿಸಿತು. (ಎಡ್ವಿನ್ ಎಂಬ ಹೆಸರಿನವರು ಈ ಕತೆಯಲ್ಲಿ ಇಬ್ಬರು, ಅದು ಕೇವಲ ಆಕಸ್ಮಿಕ.) ಅದೆಷ್ಟು ಸೂಕ್ಷ್ಮ? ಒಂದು ಮೈಕ್ರೊಮೀಟರ್ ದಪ್ಪದ ಚಿನ್ನದಲ್ಲಿ 1 ಮಿಲಿಆಂಪಿಯರ್ ಹರಿಸಿ 0.1 ಟೆಸ್ಲಾ ಕ್ಷೇತ್ರದಲ್ಲಿಟ್ಟರೆ, ಒಂದು ವೋಲ್ಟಿನ ಹತ್ತು ಕೋಟಿಯಲ್ಲೊಂದು ಭಾಗ. ಚಿನ್ನದಲ್ಲಿ ಪ್ರತಿ ಘನಮೀಟರಿಗೆ ಸುಮಾರು 6 × 10²⁸ ಸ್ವತಂತ್ರ ಎಲೆಕ್ಟ್ರಾನುಗಳಿರುವುದೇ ಕಾರಣ. ಈ ಸಂಖ್ಯೆ ಛೇದದಲ್ಲಿ ಬರುತ್ತದೆ. ಅದೇ ಅಳತೆಯ, ಘನಮೀಟರಿಗೆ 10²² ಎಲೆಕ್ಟ್ರಾನುಗಳಿರುವ ಅರೆವಾಹಕವಾದರೆ 60 ಮಿಲಿವೋಲ್ಟ್. ಮಲ್ಟಿಮೀಟರಿನಲ್ಲೇ ಕಾಣಿಸೀತು. ಕೋಲಿನ ತುದಿಯಲ್ಲೊಂದು ಚಿಕ್ಕ ಅಯಸ್ಕಾಂತ, ಬುಡದಲ್ಲೊಂದು ಹಾಲ್ ಸಂವೇದಕ. ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಸವೆಯುವುದೂ ಇಲ್ಲ. 1998ರ ಸೆಗಾ ಡ್ರೀಮ್‌ಕಾಸ್ಟ್ ಆಟದ ಪೆಟ್ಟಿಗೆಯ ನಿಯಂತ್ರಕದಲ್ಲೇ ಇದಿತ್ತು.

ಇನ್ನೂ ಹೊಸದೊಂದಿದೆ. ಎರಡು ಕಾಂತೀಯ ಪದರಗಳ ನಡುವೆ ಪರಮಾಣುಗಳ ಕೆಲವೇ ಸಾಲಿನಷ್ಟು ದಪ್ಪದ ಅವಾಹಕವನ್ನಿಟ್ಟರೆ, ಎಲೆಕ್ಟ್ರಾನುಗಳು ಅದನ್ನು ಸುರಂಗ ಕೊರೆದಂತೆ ದಾಟುತ್ತವೆ. ಎಷ್ಟು ದಾಟುತ್ತವೆ ಎಂಬುದು ಪದರಗಳ ಕಾಂತತ್ವದ ದಿಕ್ಕನ್ನು ಅವಲಂಬಿಸಿದೆ. 1975ರಲ್ಲಿ ಜೂಲಿಯೇರ್ ಎಂಬವರು ಅತಿಶೀತದಲ್ಲಿ ಇದನ್ನು ಕಂಡರು. ಕೊಠಡಿಯ ಉಷ್ಣತೆಯಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡುವುದನ್ನು 1995ರಲ್ಲಿ ತೋರಿಸಿದವರು ಜಪಾನಿನ ಮಿಯಾಝಾಕಿ ಹಾಗೂ, ಅವರಿಂದ ಬೇರೆಯಾಗಿ, ಎಂಐಟಿಯ ಜಗದೀಶ ಮೂಡೇರ ಮತ್ತು ಸಂಗಡಿಗರು. ಮೂಡೇರ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಮದ್ರಾಸಿನ ಐಐಟಿಯಲ್ಲಿ ಡಾಕ್ಟರೇಟ್ ಪಡೆದವರು; 2009ರ ಬಕ್ಲಿ ಪ್ರಶಸ್ತಿಯಲ್ಲಿ ಪಾಲುದಾರರು. ಇದೇ ಪರಿಣಾಮವನ್ನು ಬಳಸುವ ಸಂವೇದಕಗಳು ಕಳೆದ ಕೆಲವು ವರ್ಷಗಳಲ್ಲಿ ಆಟದ ನಿಯಂತ್ರಕಗಳಿಗೆ ಇಳಿದಿವೆ. ಮಕ್ಕಳ ಕೈಯಲ್ಲಿರುವ ವಸ್ತುವಿನೊಳಗೆ ಇಷ್ಟು ಭೌತವಿಜ್ಞಾನ ಅಡಗಿದೆ ಎಂದು ಹೇಳಲು ಸಿಕ್ಕಿದ ಅವಕಾಶವನ್ನು ನಾನು ಬಿಡಲಾರೆ.

ಆದರೆ ಬೆಲೆಯ ಪ್ರಶ್ನೆಗೆ ಇದು ಉತ್ತರವೆ? ಒಂದು ಸಾಮಾನ್ಯ ಹಾಲ್ ಸಂವೇದಕಕ್ಕೆ ಬಿಡಿಯಾಗಿ ಕೊಂಡರೂ ಕೆಲವು ಹತ್ತು ರೂಪಾಯಿ. ಅರ್ಧ ಲಕ್ಷ ಅದಕ್ಕಲ್ಲ.

ಅರವತ್ತೈದು ಸಾವಿರ ಹಂತ

ಈಗ ಹುಡುಗನ ಸಂಖ್ಯೆಗೆ ಬರೋಣ. 2010ರಲ್ಲಿ ಥ್ರಸ್ಟ್‌ಮಾಸ್ಟರ್ ಕಂಪನಿ ಅಮೆರಿಕದ ಎ-10 ಯುದ್ಧವಿಮಾನದ ಕೋಲು ಮತ್ತು ಥ್ರಾಟಲ್‌ಗಳನ್ನು ಹೋಲುವ ಲೋಹದ ಜೋಡಿಯೊಂದನ್ನು ಸುಮಾರು 500 ಡಾಲರ್‌ಗೆ ಮಾರುಕಟ್ಟೆಗೆ ತಂದಿತು. ಹಾಲ್ ಸಂವೇದಕ, ಕೋಲಿನ ಪ್ರತಿ ಅಕ್ಷಕ್ಕೆ 65,536 ಹಂತ. ಅನಂತರ ಬಂದ ಬೆಲೆಬಾಳುವ ಕೋಲುಗಳಲ್ಲಿ ಹಲವು ಈ ಸಂಖ್ಯೆಯನ್ನೇ ಮುಂದಿಟ್ಟುಕೊಂಡು ಬಂದವು.

ಲೆಕ್ಕ ಹಾಕೋಣ. ಕೀಲಿನಿಂದ ಹಿಡಿಯವರೆಗೆ 20 ಸೆಂಟಿಮೀಟರ್, ಎರಡೂ ಬದಿಗೆ 20 ಡಿಗ್ರಿ ಬಾಗುತ್ತದೆ ಎಂದುಕೊಳ್ಳಿ. ಕೈ ಚಲಿಸುವ ಚಾಪದ ಉದ್ದ ಸುಮಾರು 140 ಮಿಲಿಮೀಟರ್. ಇದನ್ನು 65,536ರಿಂದ ಭಾಗಿಸಿದರೆ ಒಂದು ಹಂತ ಎಂದರೆ 2 ಮೈಕ್ರೊಮೀಟರ್. ಕೂದಲೆಳೆಯ ದಪ್ಪದಲ್ಲಿ ಮೂವತ್ತನೆಯ ಒಂದು ಭಾಗ! ಮನುಷ್ಯನ ಕೈ ಆರೋಗ್ಯವಾಗಿದ್ದರೂ ಸೆಕೆಂಡಿಗೆ 8ರಿಂದ 12 ಬಾರಿ ಕಂಪಿಸುತ್ತಲೇ ಇರುತ್ತದೆ. ಆ ಕಂಪನವೇ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. 1,024 ಹಂತಗಳ ಅಗ್ಗದ ಕೋಲಿನಲ್ಲಿ ಒಂದು ಹಂತ 0.14 ಮಿಲಿಮೀಟರ್, 4,096 ಹಂತಗಳದ್ದರಲ್ಲಿ 0.034. ಅಲ್ಲಿಗೆ ಕೈ ಸೋತಿತು. ಅದರಾಚೆಗಿನ ಬಿಟ್‌ಗಳು ನಿಮ್ಮ ನಡುಕವನ್ನು ಇನ್ನಷ್ಟು ನಿಖರವಾಗಿ ಅಳೆಯುತ್ತವೆ, ಅಷ್ಟೆ.

ಹಾಗಾದರೆ ದೊಡ್ಡ ಕೋಲಿನಲ್ಲಿ ವಿಮಾನ ಇಳಿಸುವುದು ಸುಲಭ ಎಂದು ಹುಡುಗರು ಹೇಳುವುದು ಭ್ರಮೆಯೆ? ಅಲ್ಲ. ಆಟದ ಪೆಟ್ಟಿಗೆಯ ಹೆಬ್ಬೆರಳ ಕೋಲಿನ ಇಡೀ ಓಟ ಸುಮಾರು 15 ಮಿಲಿಮೀಟರ್. ಬೆರಳು ಅರ್ಧ ಮಿಲಿಮೀಟರ್ ತಪ್ಪಿದರೆ ಇಡೀ ಓಟದ ಶೇಕಡಾ 3ಕ್ಕೂ ಹೆಚ್ಚು ತಪ್ಪು. ಉದ್ದ ಕೋಲಿನಲ್ಲಿ ಅದೇ ತಪ್ಪು ಶೇಕಡಾ 0.4ಕ್ಕಿಂತ ಕಡಿಮೆ. ಇದು ಆರ್ಕಿಮಿಡೀಸನ ಸನ್ನೆ. ಗಣಕದ ಬಿಟ್ ಅಲ್ಲ. ಇನ್ನೊಂದು ನಿಜವಾದ ವ್ಯತ್ಯಾಸ ಕೀಲಿನಲ್ಲಿದೆ. ಅಗ್ಗದ ಪ್ಲಾಸ್ಟಿಕ್ ಕೀಲಿನಲ್ಲಿ ಸ್ಥಿತ ಘರ್ಷಣೆ ಹೆಚ್ಚು. ಮೊದಲು ಅಲುಗದು, ಅಲುಗಿದರೆ ಬೇಕಾದುದಕ್ಕಿಂತ ಮುಂದೆ ಹಾರುತ್ತದೆ. ಒಳ್ಳೆಯ ಬೇರಿಂಗ್ ಇರುವ ಕೀಲಿಗೆ ಕೊಟ್ಟ ಹಣ ಕೈಗೆ ತಿಳಿಯುತ್ತದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರೆಯುವುದು ಮಾತ್ರ ಬಿಟ್‌ಗಳನ್ನು.

ಕೈಗೆ ಮರಳಿ ಬರುವ ಮಾತು

ಇಲ್ಲಿಯವರೆಗೆ ಕೈಯಿಂದ ಯಂತ್ರಕ್ಕೆ ಹೋಗುವ ಸುದ್ದಿ. ಯಂತ್ರದಿಂದ ಕೈಗೆ ಬರುವ ಸುದ್ದಿ ಅದಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ.

ಹಳೆಯ ವಿಮಾನಗಳಲ್ಲಿ ಕೋಲಿನಿಂದ ಬಾಲದ ತಟ್ಟೆಗೆ ನೇರ ಉಕ್ಕಿನ ಹುರಿ. ತಟ್ಟೆಯ ಮೇಲೆ ಗಾಳಿ ಹಾಕುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಇಮ್ಮಡಿಯಾದರೆ ಕೋಲು ನಾಲ್ಮಡಿ ಬಿಗಿಯಾಗುತ್ತದೆ. ವೇಗ ಅಪಾಯದ ಮಟ್ಟಕ್ಕೆ ಇಳಿದಾಗ ಕೋಲು ಸಡಿಲವಾಗಿ, ಕೈಗೆ ಎಚ್ಚರಿಕೆ ಸಿಗುತ್ತದೆ. ಮೇಜಿನ ಮೇಲಿನ ಸ್ಪ್ರಿಂಗ್ ಕೋಲಿಗೆ ಇದೊಂದೂ ಗೊತ್ತಿಲ್ಲ.

ಈ ಸ್ಪರ್ಶದ ಮಹತ್ವವನ್ನು ತೋರುವ ಒಂದು ಘಟನೆ ಹೇಳುತ್ತೇನೆ. ಅಮೆರಿಕದ ಎಫ್-16ರ ಮೂಲಮಾದರಿಯಾದ ವೈಎಫ್-16ರಲ್ಲಿ ಹುರಿಗಳಿರಲಿಲ್ಲ. ಕೋಲು ವಿದ್ಯುತ್ ಸಂಕೇತ ಕಳುಹಿಸುತ್ತಿತ್ತು. ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲು ಹಾರಿದ ನಮ್ಮ ತೇಜಸ್ ಕೂಡ ಇಂಥ ವಿದ್ಯುತ್ ಸಂಕೇತದ ವಿಮಾನವೇ. ಆದರೆ ವೈಎಫ್-16ರ ಕೋಲು ಅಲುಗುತ್ತಲೇ ಇರಲಿಲ್ಲ; ಒತ್ತಿದ ಬಲವನ್ನು ಮಾತ್ರ ಅಳೆಯುತ್ತಿತ್ತು. 1974ರ ಜನವರಿ 20ರಂದು ಎಡ್ವರ್ಡ್ಸ್ ವಾಯುನೆಲೆಯಲ್ಲಿ ನೆಲದ ಮೇಲೆ ವೇಗವಾಗಿ ಓಡಿಸಿ ನೋಡುವ ಪರೀಕ್ಷೆ. ವಿಮಾನ ಎಡಕ್ಕೂ ಬಲಕ್ಕೂ ತೂಗಾಡತೊಡಗಿತು. ಚಾಲಕ ಫಿಲ್ ಆಸ್ಟ್ರಿಕರ್ ಸರಿಪಡಿಸಹೋದಷ್ಟೂ ತೂಗಾಟ ಹೆಚ್ಚಿತು. ಬಾಲದ ತಟ್ಟೆ ನೆಲಕ್ಕೆ ಉಜ್ಜಿತು. ನೆಲದ ಮೇಲೆ ಉಳಿದರೆ ಉರುಳುವುದು ಖಚಿತವೆಂದು ತಿಳಿದು ಅವರು ಮೇಲೇರಿಯೇ ಬಿಟ್ಟರು. ಆರು ನಿಮಿಷ ಹಾರಿ ಸುರಕ್ಷಿತವಾಗಿ ಇಳಿಸಿದರು. ಆ ವಿಮಾನದ ಅಧಿಕೃತ ‘ಮೊದಲ ಹಾರಾಟ’ ಫೆಬ್ರವರಿ 2ರಂದು ನಡೆಯಿತೆಂದು ದಾಖಲೆ ಹೇಳುತ್ತದೆ! ಸೂಕ್ಷ್ಮತೆ ಅತಿಯಾಗಿದ್ದ ನಿಯಂತ್ರಣವನ್ನು ತಗ್ಗಿಸಿದರು. ಮುಂದೆ ಕೋಲಿಗೂ ಕೆಲವು ಮಿಲಿಮೀಟರ್‌ಗಳ ಅಲುಗಾಟ ಕೊಟ್ಟರು, ಕೈಗೆ ಅಷ್ಟಾದರೂ ತಿಳಿಯಲಿ ಎಂದು.

ಕಾರಿನ ಆಟಗಳಲ್ಲಿ ಈ ಮಾತು ಇನ್ನೂ ಸ್ಪಷ್ಟ. ನಿಜವಾದ ಕಾರಿನಲ್ಲಿ ತಿರುವಿನಲ್ಲಿ ಮುಂಚಕ್ರಗಳು ತಾವಾಗಿ ನೇರವಾಗಲು ಎಳೆಯುತ್ತವೆ; ಆ ಎಳೆತ ಸ್ಟೀರಿಂಗ್‌ಗೆ ಬರುತ್ತದೆ. ಟೈರು ಹಿಡಿತ ಕಳೆದುಕೊಳ್ಳುವ ಸ್ವಲ್ಪ ಮೊದಲೇ ಈ ಎಳೆತ ಕುಗ್ಗುತ್ತದೆ. ಸ್ಟೀರಿಂಗ್ ಹಗುರವಾಯಿತೆಂದರೆ ಜಾರುವ ಗಳಿಗೆ ಹತ್ತಿರ ಎಂದು ಅರ್ಥ. ಬರಿ ಸ್ಪ್ರಿಂಗ್ ಇರುವ ಅಗ್ಗದ ಚಕ್ರವೋ, ಹೆಚ್ಚು ತಿರುಗಿಸಿದಷ್ಟೂ ಬಿಗಿಯಾಗುತ್ತಲೇ ಹೋಗುತ್ತದೆ. ಸರಿಯಾಗಿ ತಿರುಗುಮುರುಗು ಸುದ್ದಿ ಹೇಳುತ್ತದೆ. ಮೋಟಾರಿನಿಂದ ಕೈಗೆ ಬಲ ಕೊಡುವ ಚಕ್ರಗಳಿಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿರುವುದು ಇದರಿಂದ. ಗಿಯರ್ ಮೂಲಕ ಸುಮಾರು 2 ನ್ಯೂಟನ್–ಮೀಟರ್ ಟಾರ್ಕ್ ಕೊಡುವ ಮಧ್ಯಮ ಬೆಲೆಯ ಚಕ್ರವೂ ಈ ಸುದ್ದಿಯನ್ನು ಮುಟ್ಟಿಸುತ್ತದೆ. ಮೋಟಾರಿನ ದಂಡಕ್ಕೇ ಚಕ್ರ ಕೂರಿಸಿ ಅದರ ಹಲವು ಪಟ್ಟು ಟಾರ್ಕ್ ಕೊಡುವ ದುಬಾರಿ ಯಂತ್ರ ಅದನ್ನೇ ಇನ್ನಷ್ಟು ಬೇಗ, ಇನ್ನಷ್ಟು ಸ್ಪಷ್ಟವಾಗಿ ಮುಟ್ಟಿಸುತ್ತದೆ. ಹೊಸ ಸುದ್ದಿಯನ್ನೇನೂ ತರುವುದಿಲ್ಲ.

ಬ್ರೇಕಿನ ಪೆಡಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಗಟ್ಟಿ. ಕಾರಿನ ಬ್ರೇಕು ಕಾಲು ಎಷ್ಟು ದೂರ ಹೋಯಿತೆಂಬುದಕ್ಕಿಂತ ಎಷ್ಟು ಬಲವಾಗಿ ಒತ್ತಿತೆಂಬುದಕ್ಕೆ ಸ್ಪಂದಿಸುತ್ತದೆ. ಆದ್ದರಿಂದ ಸ್ಟ್ರೇನ್ ಗೇಜನ್ನು ವೀಟ್‌ಸ್ಟನ್ ಸೇತುವೆಯಲ್ಲಿ ಕೂರಿಸಿ ಬಲವನ್ನು ಅಳೆಯುವ ಪೆಡಲ್, ಸ್ಥಾನ ಅಳೆಯುವ ಪೆಡಲ್‌ಗಿಂತ ತತ್ತ್ವದಲ್ಲೇ ಸರಿ. 1938ರಲ್ಲಿ ಸಿಮನ್ಸ್ ಮತ್ತು ರೂಜ್ ಬೇರೆಬೇರೆಯಾಗಿ ಕಂಡುಹಿಡಿದ ಗೇಜು ಇದು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೂ ಇದೇ ಇರುವುದು.

ಅಳೆದು ನೋಡಿದವರು

ಸಾಧನ ಎಷ್ಟು ನೈಜವಾಗಿದ್ದರೆ ಅಷ್ಟು ಕಲಿಕೆ ಎಂಬುದು ಸಹಜವಾದ ಊಹೆ. ಅದನ್ನು ಪರೀಕ್ಷಿಸಿದವರಿದ್ದಾರೆ. ಆರ್ಟ್‌ವಿಕ್ ಓದಿದ ಅದೇ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಮ್ಸ್ ಮತ್ತು ಫ್ಲೆಕ್ಸ್‌ಮನ್ 1949ರಲ್ಲೇ ನೆಲದ ಯಂತ್ರದಲ್ಲಿ ಕಲಿತರೆ ಆಕಾಶದಲ್ಲಿ ಎಷ್ಟು ಗಂಟೆ ಉಳಿಯುತ್ತದೆಂದು ಅಳೆಯಲು ಹೊರಟಿದ್ದರು. 1971ರಲ್ಲಿ ಸ್ಟ್ಯಾನ್ಲಿ ರಾಸ್ಕೋ ಅದಕ್ಕೊಂದು ಲೆಕ್ಕದ ರೂಪ ಕೊಟ್ಟರು: ಸಿಮ್ಯುಲೇಟರಿನ ಮೊದಲ ಗಂಟೆ ಬಹಳ ಉಳಿಸುತ್ತದೆ, ಮುಂದಿನದು ಕಡಿಮೆ, ಅದರ ಮುಂದಿನದು ಇನ್ನೂ ಕಡಿಮೆ. ಒಂದು ಹಂತದಾಚೆ ಖರ್ಚು ಮಾಡಿದ್ದು ಉಳಿಸಿದ್ದಕ್ಕಿಂತ ಹೆಚ್ಚಾಗುತ್ತದೆ. 1970ರಲ್ಲಿ ಪ್ರಾಫೆಟ್ ಮತ್ತು ಬಾಯ್ಡ್ ಅಮೆರಿಕದ ಸೇನೆಗಾಗಿ, ಮೊಹಾಕ್ ವಿಮಾನದ ಚಾಲಕರಿಗೆ ಎಂಜಿನ್ ಚಾಲೂ ಮಾಡುವಂಥ ಕ್ರಮಗಳನ್ನು ಎರಡು ಬಗೆಯಲ್ಲಿ ಕಲಿಸಿ ನೋಡಿದರು: ದುಬಾರಿ ತರಬೇತಿ ಯಂತ್ರದಲ್ಲಿ, ಹಾಗೂ ಹಲಗೆ ಮತ್ತು ಚಿತ್ರಗಳಿಂದ ಮಾಡಿದ ಅಗ್ಗದ ಮಾದರಿಯಲ್ಲಿ. ಕ್ರಮ ಕಲಿಯುವ ಮಟ್ಟಿಗೆ ಎರಡೂ ಸರಿಸಮ. 1994ರಲ್ಲಿ ಡೇನಿಯಲ್ ಗೋಫರ್ ಮತ್ತು ಸಂಗಡಿಗರು ಇಸ್ರೇಲಿನ ವಾಯುಪಡೆಯ ಶಿಕ್ಷಾರ್ಥಿಗಳಿಗೆ ‘ಸ್ಪೇಸ್ ಫೋರ್ಟ್ರೆಸ್’ ಎಂಬ ಸಾಮಾನ್ಯ ಕಂಪ್ಯೂಟರ್ ಆಟವನ್ನು ಹತ್ತು ಗಂಟೆ ಆಡಿಸಿದರು. ಗಮನವನ್ನು ಹಂಚುವುದು ಹೇಗೆಂದು ಅದರ ಜೊತೆಗೆ ಕಲಿಸಿದರು. ಆಡಿದವರು ಆಡದವರಿಗಿಂತ ನಿಜವಾದ ಹಾರಾಟದಲ್ಲಿ ಮುಂದಿದ್ದರು. ಆ ಆಟ ವಿಮಾನವನ್ನು ಸ್ವಲ್ಪವೂ ಹೋಲುತ್ತಿರಲಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಇದೆ. 2018ರಲ್ಲಿ ಸೇವೆಗೆ ಸೇರಿದ ಅಮೆರಿಕದ ಜಲಾಂತರ್ಗಾಮಿ ಕೊಲರಾಡೊದಲ್ಲಿ, ಪೆರಿಸ್ಕೋಪಿನ ಬದಲು ಬಂದ ಕ್ಯಾಮೆರಾ ಕಂಬವನ್ನು ತಿರುಗಿಸಲು ಎಕ್ಸ್‌ಬಾಕ್ಸ್ ಆಟದ ನಿಯಂತ್ರಕ ಬಳಸಿದರು. ಅದಕ್ಕೆ ಮೊದಲು ಇದ್ದ ಕೋಲು ಮತ್ತು ಫಲಕಕ್ಕೆ ಸುಮಾರು 38,000 ಡಾಲರ್. ಇದಕ್ಕೆ 30 ಡಾಲರ್‌ಗೂ ಕಡಿಮೆ. ಯುವ ನಾವಿಕರು ನಿಮಿಷಗಳಲ್ಲಿ ಕಲಿತರಂತೆ. 2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಹೋಗಿ ಐವರೊಂದಿಗೆ ಕುಸಿದ ಟೈಟನ್ ನೌಕೆಯಲ್ಲೂ ಆಟದ ನಿಯಂತ್ರಕವೇ ಇತ್ತು. ಜನ ಅದನ್ನು ನೋಡಿ ನಕ್ಕರು. ಆದರೆ ದುರಂತದ ಕಾರಣ ಇದ್ದದ್ದು ನೌಕೆಯ ಇಂಗಾಲ ನಾರಿನ ಒಡಲಿನಲ್ಲಿ, ಆ ಅಗ್ಗದ ನಿಯಂತ್ರಕದಲ್ಲಲ್ಲ.

ದುಬಾರಿ ನಿಯಂತ್ರಕವನ್ನು ಕಲಿಕೆಗಲ್ಲ, ಅನುಭವಕ್ಕಾಗಿ ಕೊಳ್ಳುವುದೂ ಉಂಟು. ಅದನ್ನು ನಾನು ಹೀಗಳೆಯಲಾರೆ. 2002ರಲ್ಲಿ ಕ್ಯಾಪ್‌ಕಾಮ್ ಕಂಪನಿ ‘ಸ್ಟೀಲ್ ಬೆಟಾಲಿಯನ್’ ಎಂಬ ಆಟವನ್ನು ಸುಮಾರು 40 ಗುಂಡಿ, ಎರಡು ಕೋಲು, ಮೂರು ಪೆಡಲ್‌ಗಳ ಫಲಕದೊಂದಿಗೆ 200 ಡಾಲರ್‌ಗೆ ಮಾರಿತು. ಫಲಕದಲ್ಲಿ ಮುಚ್ಚಳವಿದ್ದ ಗುಂಡಿಯೊಂದಿತ್ತು. ಯಂತ್ರ ನಾಶವಾಗುವ ಮೊದಲು ಅದನ್ನೊತ್ತಿ ಪಾರಾಗದಿದ್ದರೆ ನೀವು ಅದುವರೆಗೆ ಆಡಿ ಉಳಿಸಿದ್ದೆಲ್ಲ ಅಳಿಸಿಹೋಗುತ್ತಿತ್ತು! ಆ ಫಲಕ ಬೇರೆ ಯಾವ ಆಟಕ್ಕೂ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಕೊಂಡವರು ಆ ಮುಚ್ಚಳ ತೆರೆಯುವ ಗಳಿಗೆಗಾಗಿಯೇ ಕೊಂಡರು. ವೀಣೆಯ ಕೆತ್ತನೆಗೆ ಕೊಡುವ ಹಣದಂತೆ ಎನ್ನಿ. ಅದು ನಾದಕ್ಕಲ್ಲವೆಂದು ಗೊತ್ತಿದ್ದು ಕೊಟ್ಟರೆ ತಪ್ಪೇನಿಲ್ಲ.

ಒಂದು ವಾರದ ನಂತರ ತಂದೆ, ಮಗ ಮತ್ತೆ ಬಂದರು. ಹುಡುಗ ತನ್ನ ಹಳೆಯ ಕೋಲು ತಂದಿದ್ದ. ಊಟದ ಮೇಜಿನ ಮೇಲೆ ಪತ್ರಿಕೆ ಹಾಸಿ ಬಿಚ್ಚಿದೆವು. ಮಲ್ಟಿಮೀಟರ್ ಹಿಡಿದು ಕೋಲನ್ನು ಮೆಲ್ಲಗೆ ಬಾಗಿಸಿದಾಗ, ನಡುವಿನಲ್ಲಿ ಸರಿಯಾಗಿ ಅಂಕಿಗಳು ಕುಣಿದವು. ಇಂಗಾಲದ ಪಟ್ಟಿಯಲ್ಲಿ ಸವೆತದ ಗೆರೆ ಬರಿಗಣ್ಣಿಗೇ ಕಂಡಿತು. ಹುಡುಗ ಮೇಲಿನ ಲೆಕ್ಕಗಳನ್ನೆಲ್ಲ ತಾನೇ ಹಾಕಿದ. 2 ಮೈಕ್ರೊಮೀಟರ್ ಬಂದಾಗ ಪೆನ್ನು ಕೆಳಗಿಟ್ಟು ತನ್ನ ಕೈಯನ್ನು ಚಾಚಿ ನೋಡಿಕೊಂಡ. ಅವರ ತಂದೆಗೆ ನಾನು ಹೇಳಿದ್ದು ಇಷ್ಟು. ಹಾಲ್ ಸಂವೇದಕವಿರುವ, ಕೀಲು ಗಟ್ಟಿಯಾಗಿರುವ ಮಧ್ಯಮ ಬೆಲೆಯ ಕೋಲು ಕೊಡಿಸಿ. ಕಾಲಿನ ಚುಕ್ಕಾಣಿ ಪೆಡಲ್ ಬೇಕೆಂದರೆ ಮುಂದಿನ ವರ್ಷ ನೋಡೋಣ. ಮನೆಯಲ್ಲಿ ಹಾರಿಸಿದ ಗಂಟೆಗಳನ್ನು ಲೈಸೆನ್ಸಿಗೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ ಹಣದಲ್ಲಿ ಮೊದಲು ಡಿಜಿಸಿಎ ನಿಯಮದ ಎರಡನೆಯ ದರ್ಜೆಯ ವೈದ್ಯಕೀಯ ತಪಾಸಣೆ ಮಾಡಿಸಿ. ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ಈಗಲೇ ತಿಳಿಯುವುದು ಒಳ್ಳೆಯದು.

ತಂದೆ ತಲೆದೂಗಿದರು. ಹುಡುಗ ಬಿಚ್ಚಿದ ಕೋಲಿನ ತಿರುಪುಗಳನ್ನು ಕಾಗದದಲ್ಲಿ ಕಟ್ಟಿಕೊಳ್ಳುತ್ತ, ಹಾಲ್ ಸಂವೇದಕ ಬಿಡಿಯಾಗಿ ಎಲ್ಲಿ ಸಿಗುತ್ತದೆ ಸರ್ ಎಂದು ಕೇಳಿದ. ಎಸ್.ಪಿ. ರಸ್ತೆಗೆ ಹೋಗು, ಎರಡು ತೆಗೆದುಕೋ, ಬೆಸುಗೆ ಹಾಕುವಾಗ ಒಂದು ಸುಟ್ಟುಹೋಗುತ್ತದೆ ಎಂದೆ.